ಹಿಪ್ ರಿಪ್ಲೇಸ್‌ಮೆಂಟ್: ಮನೆಯನ್ನು ನೆಲದಿಂದ ಮೇಲೆತ್ತಿದ ಮೇಲೆ ಆಸ್ಪತ್ರೆಗೆ ಹೋದೆ

ನಾನು ಬೆಂಗಳೂರಿನ ಹನುಮಂತನಗರದಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ವಯಸ್ಸು ಐವತ್ತು ದಾಟಿದೆ. ಬಲಗಡೆ ಸೊಂಟದ ಕೀಲು ಬದಲಾಯಿಸಿಕೊಂಡು ವರ್ಷದ ಮೇಲಾಯಿತು. ಈ ಆಪರೇಷನ್‌ಗೆ ಹೊರಟವರು ಯಾರಾದರೂ ಸಿಕ್ಕರೆ ನಾನು ಮೊದಲು ಕೇಳುವ ಪ್ರಶ್ನೆ ಒಂದೇ: "ನಿಮ್ಮ ಮನೇಲಿ ನೆಲದ ಮೇಲೆ ಕೂತು ಮಾಡೋ ಕೆಲಸ ಎಷ್ಟಿದೆ?"

ಆಸ್ಪತ್ರೆಯಲ್ಲಿ ಇರುವುದು ಕೆಲವೇ ದಿನ. ಅಲ್ಲಿ ಎತ್ತಿ ಕೂರಿಸುವವರು, ಹಿಡಿದು ನಡೆಸುವವರು ಇರುತ್ತಾರೆ. ಆಮೇಲೆ ಬರುವುದು ನಮ್ಮ ಮನೆಗೆ. ನಮ್ಮ ಮನೆಗಳಲ್ಲಿ ಪೂಜೆ ನೆಲದ ಮೇಲೆ, ತರಕಾರಿ ಹೆಚ್ಚುವುದು ನೆಲದ ಮೇಲೆ, ಊಟಕ್ಕೆ ಚಾಪೆ, ಟಾಯ್ಲೆಟ್‌ನಲ್ಲಿ ಕುಕ್ಕರಗಾಲು. ನನಗಂತೂ ಬಟ್ಟೆ ಕತ್ತರಿಸುವುದೂ ಜಮಖಾನದ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡೇ. ಹೊಸ ಕೀಲಿಗೆ ಆಗಿ ಬರದೇ ಇರುವುದು ಇವೇ ಭಂಗಿಗಳು.

ನೋವು ಶುರುವಾಗಿದ್ದು ಮಂಡಿಯಲ್ಲಿ. ಮಂಡಿ ಎಕ್ಸ್‌ರೇ ತೆಗೆಸಿದರೆ ಏನೂ ಇಲ್ಲ. ಆಮೇಲೆ ತೊಡೆಸಂದಿನಲ್ಲಿ ಚುಚ್ಚತೊಡಗಿತು. ಕಾಲ್ಬೆರಳಿಗೆ ಉಂಗುರ ಹಾಕಲು, ಉಗುರು ಕತ್ತರಿಸಲು ಕಾಲು ಮಡಚುವುದಕ್ಕೇ ಆಗಲಿಲ್ಲ. ಸೊಂಟದ ಕೀಲು ಕೆಟ್ಟಾಗ ನೋವು ಹಲವರಿಗೆ ತೊಡೆಸಂದಿನಲ್ಲೋ ಮಂಡಿಯಲ್ಲೋ ಕಾಣಿಸುತ್ತದಂತೆ. ಮಂಡಿ ನೋವು ಅಂತ ಹೋದಾಗ ಸೊಂಟದ ಕೀಲನ್ನೂ ತಿರುಗಿಸಿ ನೋಡಿ ಅಂತ ನೀವೇ ಕೇಳಬಹುದು.

ಎಂಆರ್‌ಐ ಮಾಡಿಸಿದಾಗ ಗೊತ್ತಾಗಿದ್ದು ಎವಿಎನ್. ಅಂದರೆ ತೊಡೆಮೂಳೆಯ ಮೇಲ್ತುದಿಯಲ್ಲಿ ಚೆಂಡಿನ ಹಾಗಿರುವ ಗುಂಡು ಭಾಗಕ್ಕೆ ರಕ್ತ ಹೋಗುವುದು ನಿಂತು ಮೂಳೆ ಸಾಯುವುದು. ಜಾಸ್ತಿ ದಿನ ಸ್ಟೀರಾಯ್ಡ್ ತೆಗೆದುಕೊಂಡವರಲ್ಲಿ, ತುಂಬಾ ಕುಡಿಯುವವರಲ್ಲಿ ಇದು ಕಾಣಿಸುತ್ತದೆ. ಕೆಲವರಿಗೆ ಕಾರಣವೇ ಸಿಗುವುದಿಲ್ಲ. ನಾನು ಚರ್ಮದ ಕಾಯಿಲೆಗೆ ಬಹಳ ಕಾಲ ಸ್ಟೀರಾಯ್ಡ್ ಮಾತ್ರೆ ನುಂಗಿದ್ದೆ. ಆಗ ಆ ಮಾತ್ರೆ ಬೇಕೇ ಬೇಕಿತ್ತು. ಶುರುವಿನಲ್ಲೇ ಸಿಕ್ಕಿದರೆ ಕೀಲು ಉಳಿಸಿಕೊಳ್ಳುವ ಚಿಕಿತ್ಸೆಗಳಿವೆ. ನನ್ನದು ಆ ಹಂತ ದಾಟಿತ್ತು. ಗುಂಡು ಕುಸಿದು ಚಪ್ಪಟೆಯಾಗಿತ್ತು.

ನೆಂಟರಲ್ಲಿ ಪುತ್ತೂರು ಕಟ್ಟು ಹಾಕಿಸು ಅಂದವರಿದ್ದರು, ಎಣ್ಣೆ ಹಚ್ಚಿ ನೀವಿಸು ಅಂದವರಿದ್ದರು. ಪ್ರೀತಿಯಿಂದಲೇ ಹೇಳಿದ್ದು. ಆದರೆ ಸತ್ತು ಕುಸಿದ ಮೂಳೆಯನ್ನು ಕಟ್ಟು ಎದ್ದು ನಿಲ್ಲಿಸುವುದಿಲ್ಲ. ಈ ಮಾತನ್ನು ನಾನು ಗಟ್ಟಿಯಾಗಿಯೇ ಹೇಳುತ್ತೇನೆ.

ಆಪರೇಷನ್‌ನಲ್ಲಿ ಏನು ಮಾಡುತ್ತಾರೆ ಅಂತ ಡಾಕ್ಟರು ಒಂದು ಮಾದರಿ ಇಟ್ಟುಕೊಂಡು ತೋರಿಸಿದರು. ನಮ್ಮ ಕೀಲು ಒರಳಿನಲ್ಲಿ ಗುಂಡುಕಲ್ಲು ತಿರುಗುವ ಹಾಗೆ ಇರುತ್ತದೆ. ಕೆಟ್ಟ ಗುಂಡನ್ನು ಕತ್ತರಿಸಿ ತೆಗೆಯುತ್ತಾರೆ. ತೊಡೆಮೂಳೆಯ ಒಳಗೆ ಲೋಹದ ಕಂಬಿ ಇಳಿಸಿ, ಅದರ ತುದಿಗೆ ಲೋಹದ್ದೋ ಸೆರಾಮಿಕ್‌ದೋ ಹೊಸ ಗುಂಡು ಕೂರಿಸುತ್ತಾರೆ. ಗುಂಡು ಕೂರುವ ಮೇಲಿನ ಕುಳಿಯಲ್ಲಿ ಒಂದು ಬಟ್ಟಲು, ಅದರೊಳಗೆ ಸಾಮಾನ್ಯವಾಗಿ ಗಟ್ಟಿ ಪ್ಲಾಸ್ಟಿಕ್‌ನ ಪದರ. ಕೆಲವರಿಗೆ ಸಿಮೆಂಟ್ ಹಾಕಿ ಕೂರಿಸುತ್ತಾರೆ, ಕೆಲವರಿಗೆ ಮೂಳೆಯೇ ಬೆಳೆದು ಹಿಡಿದುಕೊಳ್ಳುವ ಹಾಗೆ ಬಿಡುತ್ತಾರೆ. ನನಗೆ ಸಿಮೆಂಟ್ ಇಲ್ಲದ್ದು. ಇಂಗ್ಲೆಂಡಿನ ಜಾನ್ ಚಾರ್ನ್‌ಲಿ ಅನ್ನುವ ಸರ್ಜನ್ 1960ರ ದಶಕದ ಶುರುವಿನಲ್ಲಿ ಇದನ್ನು ಗಟ್ಟಿ ದಾರಿಗೆ ತಂದರಂತೆ. ಅಷ್ಟು ಹಳೆಯ ಆಪರೇಷನ್ ಅಂತ ಕೇಳಿ ನನಗೆ ಧೈರ್ಯ ಬಂತು. ಈಗಿನ ಕೀಲುಗಳು ಹೆಚ್ಚಿನವರಿಗೆ 15–20 ವರ್ಷ ಬಾಳುತ್ತವೆ, ಎಷ್ಟೋ ಜನಕ್ಕೆ 25 ವರ್ಷವೂ.

ದುಡ್ಡಿನ ವಿಷಯ ಮೊದಲೇ ನೋಡಿಕೊಳ್ಳಿ. ಹೊಸದಾಗಿ ಇನ್ಶೂರೆನ್ಸ್ ಮಾಡಿಸಿದರೆ ಕೀಲು ಬದಲಾವಣೆಗೆ ಸಾಮಾನ್ಯವಾಗಿ ಕೆಲವು ವರ್ಷ ಕಾಯಬೇಕಾಗುತ್ತದೆ. ನಮಗೆ ಮಗನ ಕಂಪನಿಯ ಪಾಲಿಸಿ ಇತ್ತು. ಬಿಪಿಎಲ್ ಕಾರ್ಡ್ ಇರುವವರು ಸರ್ಕಾರದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವಿಚಾರಿಸಿ. ಮೂಳೆಗೆಂದೇ ಇರುವ ಸರ್ಕಾರಿ ಸಂಸ್ಥೆ ಬೇಕಿದ್ದರೆ ಜಯನಗರದ ಹತ್ತಿರ ಸಂಜಯ್ ಗಾಂಧಿ ಆಸ್ಪತ್ರೆ ಇದೆ.

ಆಪರೇಷನ್‌ಗೆ ದೀಪಾವಳಿ ಆರ್ಡರ್ ಮುಗಿದ ಮೇಲಿನ ಒಂದು ದಿನವನ್ನು ಮೊದಲೇ ಗೊತ್ತು ಮಾಡಿದೆವು. ಮಧ್ಯೆ ಸಿಕ್ಕ ಸಮಯದಲ್ಲಿ ಮೈಯನ್ನೂ ಮನೆಯನ್ನೂ ಸಿದ್ಧ ಮಾಡಿದೆ.

ಮೈಗೆ ಮುಖ್ಯವಾಗಿದ್ದು ಎಲ್ಲೂ ಸೋಂಕು ಇರಬಾರದು ಅನ್ನುವುದು. ಹೊಸ ಕೀಲಿಗೆ ಸೋಂಕು ತಗುಲಿದರೆ ಅದನ್ನು ಬಿಡಿಸುವುದು ಬಹಳ ಕಷ್ಟ, ಒಮ್ಮೊಮ್ಮೆ ಕೀಲನ್ನೇ ತೆಗೆಯಬೇಕಾಗುತ್ತದೆ. ಹಾಗಾಗಿ ಹುಳುಕು ಹಲ್ಲನ್ನು ಮೊದಲೇ ಸರಿ ಮಾಡಿಸಿಕೊಂಡೆ. ಮೂತ್ರ ಪರೀಕ್ಷೆ ಆಯಿತು. ಕಾಲ್ಬೆರಳ ಸಂದಿಯಲ್ಲಿ ನೀರಿನಿಂದ ಆಗಿದ್ದ ಹುಣ್ಣಿಗೂ ಮುಲಾಮು ಕೊಟ್ಟು, ಒಣಗಲಿ ಅಂದರು. ನನಗೆ ಸಕ್ಕರೆ ಕಾಯಿಲೆ ಇದೆ. ರಕ್ತದ ಸಕ್ಕರೆಯ ಮೂರು ತಿಂಗಳ ಸರಾಸರಿ (ಎಚ್‌ಬಿಎ1ಸಿ) 7.5ರ ಒಳಗೆ ಬಂದ ಮೇಲೇ ಆಪರೇಷನ್ ಅಂದರು. ಸಂಜೆಯ ಬೇಕರಿ ತಿಂಡಿ ಬಿಟ್ಟೆ, ರಾತ್ರಿ ಅನ್ನ ಕಮ್ಮಿ ಮಾಡಿದೆ. ರಕ್ತ ತೆಳು ಮಾಡುವ ಮಾತ್ರೆ, ಆಯುರ್ವೇದದ ಮಾತ್ರೆ, ಏನೇ ತೆಗೆದುಕೊಳ್ಳುತ್ತಿದ್ದರೂ ಎಲ್ಲಾ ಚೀಟಿ ಒಯ್ದು ತೋರಿಸಿ. ಯಾವುದನ್ನು ಯಾವಾಗ ನಿಲ್ಲಿಸಬೇಕು ಅಂತ ಅವರೇ ಹೇಳಲಿ.

ಫಿಸಿಯೋ ಹುಡುಗಿ ಆಪರೇಷನ್‌ಗೆ ಮೊದಲೇ ವ್ಯಾಯಾಮ ಕಲಿಸಿದಳು. ಪಾದ ಮೇಲೆ ಕೆಳಗೆ ಆಡಿಸುವುದು, ತೊಡೆ ಬಿಗಿ ಹಿಡಿದು ಬಿಡುವುದು, ಹಿಮ್ಮಡಿ ಜಾರಿಸುತ್ತಾ ಮಂಡಿ ಮಡಚುವುದು. ಜೊತೆಗೆ ಕುರ್ಚಿಯ ಕೈ ಒತ್ತಿ ಮೈ ಎತ್ತುವುದು. "ಆಂಟಿ, ವಾಕರ್ ಹಿಡಿದು ನಡೆಸೋದು ನಿಮ್ಮ ಕೈ. ಈಗ್ಲೇ ಗಟ್ಟಿ ಮಾಡ್ಕೊಳ್ಳಿ" ಅಂದಳು. ಆ ಮಾತು ಎಷ್ಟು ನಿಜ ಅಂತ ಆಮೇಲೆ ತಿಳಿಯಿತು.

ಇನ್ನು ಮನೆ. ವಾಕರ್ ಮೊದಲೇ ತರಿಸಿ ಮನೆ ತುಂಬಾ ನಡೆದು ನೋಡಿದೆ. ಬಚ್ಚಲುಮನೆ ಬಾಗಿಲಲ್ಲಿ ಅದು ಹಿಡಿಸಲೇ ಇಲ್ಲ. ಹಳೇ ಬೆಂಗಳೂರಿನ ಮನೆಗಳಲ್ಲಿ ಆ ಬಾಗಿಲು ಕಿರಿದು. ಅಗಲ ಕಮ್ಮಿ ಇರುವ ವಾಕರ್‌ಗೆ ಬದಲಾಯಿಸಿದೆವು. ಬಚ್ಚಲಲ್ಲಿ ಎರಡು ಕಡೆ ಸ್ಟೀಲ್ ಹಿಡಿಕೆ ಗೋಡೆಗೆ ಹೊಡೆಸಿದೆವು. ನಮ್ಮದು ಇಂಡಿಯನ್ ಟಾಯ್ಲೆಟ್. ಅದರ ಮೇಲೆ ಕೂರಿಸುವ ಎತ್ತರದ ಕಮೋಡ್ ಕುರ್ಚಿ ಬಾಡಿಗೆಗೆ ತಂದೆವು. ವಾಕರ್, ಕಮೋಡ್ ಕುರ್ಚಿ, ಆಸ್ಪತ್ರೆ ಮಂಚ ಎಲ್ಲವೂ ಬೆಂಗಳೂರಿನಲ್ಲಿ ಬಾಡಿಗೆಗೆ ಸಿಗುತ್ತವೆ. ಸ್ನಾನಕ್ಕೆ ಎತ್ತರದ, ಕಾಲು ಅಲ್ಲಾಡದ ಸ್ಟೂಲು. ಕಾಲೊರೆಸು, ಜಮಖಾನ, ನೆಲದಲ್ಲಿ ಹರಿದಾಡುವ ವೈರು ಎಲ್ಲಾ ಎತ್ತಿಟ್ಟೆವು.

ಎತ್ತರಕ್ಕೆ ಒಂದು ಲೆಕ್ಕ ಇದೆ. ಕೂತಾಗ ಮಂಡಿಗಿಂತ ಸೊಂಟ ಸ್ವಲ್ಪ ಮೇಲಿರಬೇಕು. ದಿವಾನ್ ತಗ್ಗು, ಅದಕ್ಕೆ ಇನ್ನೊಂದು ಗಟ್ಟಿ ಹಾಸಿಗೆ ಹಾಕಿದೆವು. ಸೋಫಾ ಬೇಡವೇ ಬೇಡ, ಒಳಗೆ ಹೂತುಹೋಗುತ್ತೇವೆ. ಕೈ ಇರುವ ಗಟ್ಟಿ ಮರದ ಕುರ್ಚಿಯೇ ಸಾಕು.

ಅಡುಗೆಮನೆಯಲ್ಲಿ ದಿನಾ ಬೇಕಾದ ಡಬ್ಬಗಳು ಕಟ್ಟೆಯ ಮೇಲೆ ಬಂದವು. ದೇವರನ್ನು ಗೋಡೆಯ ಮಂದಾಸನಕ್ಕೆ ಏರಿಸಿದೆ, ನಿಂತೇ ಪೂಜೆ. ಸಿಲಿಂಡರ್ ಕಟ್ಟೆ ಕೆಳಗಿದೆ. ರೆಗ್ಯುಲೇಟರ್ ತಿರುಗಿಸಲು ಪೂರ್ತಿ ಬಗ್ಗಬೇಕು. ಇದು ಯಾರಿಗೂ ಹೊಳೆಯುವುದಿಲ್ಲ. ಆ ಕೆಲಸ ಯಜಮಾನರದ್ದು ಅಂತ ಮಾಡಿಕೊಂಡೆವು. ಕಸದ ಗಾಡಿಗೆ ಬುಟ್ಟಿ ಕೊಡುವುದು, ಕಾವೇರಿ ನೀರು ಬಂದಾಗ ಬಿಂದಿಗೆ ಹಿಡಿಯುವುದೂ ಅವರಿಗೇ.

ಕಟಿಂಗ್‌ಗೆ ಹಳೇ ಬಾಗಿಲ ಹಲಗೆಯಿಂದ ಸೊಂಟದೆತ್ತರದ ಮೇಜು ಮಾಡಿಸಿದೆ. ಮೆಷಿನ್ನಿನ ಕಾಲುತುಳಿತ ತೆಗೆಸಿ ಮೋಟಾರ್ ಹಾಕಿಸಿದೆ. ಆಪರೇಷನ್ ಆಗಿದ್ದು ಬಲಗಾಲಿಗೆ, ಆದ್ದರಿಂದ ಪೆಡಲ್ ಎಡಗಾಲಿಗೆ ಸರಿಸಿದೆ. ಆಸ್ಪತ್ರೆಗೆ ಹೋಗುವ ಮೊದಲೇ ಎಡಗಾಲಲ್ಲಿ ಹೊಲಿಯುವ ಅಭ್ಯಾಸ ಮಾಡಿಕೊಂಡೆ. ಹೊಲಿಗೆಯವರು, ಹೂ ಕಟ್ಟುವವರು, ಹಪ್ಪಳ ಒತ್ತುವವರು, ನೆಲದ ಮೇಲೆ ಕೂತು ದುಡಿಯುವವರೆಲ್ಲಾ ಈ ಬದಲಾವಣೆ ಮೊದಲೇ ಮಾಡಿಕೊಳ್ಳಬೇಕು ಅಂತ ನನ್ನ ಕಳಕಳಿ. ಆಪರೇಷನ್ ಆದಮೇಲೆ ಮಾಡೋಣ ಅಂದರೆ, ಗಿರಾಕಿ ಬಂದು ನಿಂತಾಗ ಕಾಲು ತಾನಾಗಿ ನೆಲದ ಕಡೆಗೇ ಹೋಗುತ್ತದೆ.

ಆಪರೇಷನ್ ದಿನದ ಬಗ್ಗೆ ಹೇಳುವುದು ಕಮ್ಮಿ. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಕೆಳಭಾಗ ಮರಗಟ್ಟಿಸಿದರು, ಜೊತೆಗೆ ಮಂಪರು ಬರುವ ಔಷಧಿ. ಕುಟ್ಟುವ ಸದ್ದು ದೂರದಲ್ಲೆಲ್ಲೋ ಕೇಳಿಸಿತು, ನೋವು ಇರಲಿಲ್ಲ. ರಾತ್ರಿ ಎರಡು ಕಾಲಿನ ಮಧ್ಯೆ ದಿಂಬು. ಮಾರನೆಯ ದಿನ ಎದ್ದು ನಿಲ್ಲಿಸಿದರು. ಹೊಲಿಗೆ ಹಾಕಿದ ಜಾಗ ಉರಿಯುತ್ತಿತ್ತು. ಆದರೆ ವರ್ಷಗಳಿಂದ ಇದ್ದ ಆ ತೊಡೆಸಂದಿನ ಚುಚ್ಚು ಮಾಯ! ನಾನು ಅತ್ತುಬಿಟ್ಟೆ.

ನನಗೆ ಹಿಂಬದಿಯಿಂದ ಸೀಳಿ ಮಾಡಿದ ಆಪರೇಷನ್. ಅದಕ್ಕೆ ನಿಯಮ ಮೂರು. ಸೊಂಟ 90 ಡಿಗ್ರಿಗಿಂತ ಹೆಚ್ಚು ಬಗ್ಗಬಾರದು. ಕಾಲ ಮೇಲೆ ಕಾಲು ಹಾಕಬಾರದು. ಪಾದ ಒಳಕ್ಕೆ ತಿರುಗಬಾರದು. ತಪ್ಪಿದರೆ, ಅದರಲ್ಲೂ ಮೂರೂ ಸೇರಿದರೆ, ಗುಂಡು ಬಟ್ಟಲಿನಿಂದ ಜಾರಬಹುದು. ಮುಂಬದಿಯಿಂದ ಮಾಡಿಸಿಕೊಂಡವರಿಗೆ ನಿಯಮ ಬೇರೆ. ಪಕ್ಕದ ಮನೆಯವರ ಕಾಲಿನ ನಿಯಮ ನಿಮ್ಮ ಕಾಲಿಗೆ ಹಾಕಬೇಡಿ, ನಿಮ್ಮ ಸರ್ಜನ್ನನ್ನೇ ಕೇಳಿ.

ನಮ್ಮದು ಮೊದಲನೇ ಮಹಡಿ. ಮನೆಗೆ ಕಳಿಸುವ ಮೊದಲು ಮೆಟ್ಟಿಲು ಕಲಿಸಿದರು. "ಹತ್ತುವಾಗ ಒಳ್ಳೇ ಕಾಲು ಮೊದಲು, ಇಳಿಯುವಾಗ ಆಪರೇಷನ್ ಕಾಲು ಮೊದಲು." ಇದನ್ನು ಯಜಮಾನರು ಮೆಟ್ಟಿಲ ಗೋಡೆಗೆ ಬರೆದು ಅಂಟಿಸಿದರು. ಕಾರಿನಲ್ಲಿ ಮುಂದಿನ ಸೀಟು ಪೂರ್ತಿ ಹಿಂದಕ್ಕೆ ಸರಿಸಿ, ದಿಂಬು ಹಾಕಿ, ಮೊದಲು ಕೂತು ಆಮೇಲೆ ಎರಡೂ ಕಾಲು ಒಟ್ಟಿಗೆ ಒಳಗೆಳೆದುಕೊಂಡೆ. ದಾರಿಯಲ್ಲಿ ಪ್ರತಿ ಹಂಪೂ ಗೊತ್ತಾಯಿತು.

ಮನೆಗೆ ಬಂದ ಮೊದಲ ಎರಡು ವಾರ ನಿಜಕ್ಕೂ ಕಷ್ಟ. ಅದನ್ನು ಯಾರೂ ಮುಚ್ಚಿಡಬಾರದು. ಬೆನ್ನ ಮೇಲೇ ಮಲಗಬೇಕು, ನಿದ್ದೆ ಹತ್ತುವುದಿಲ್ಲ. ತೊಡೆಯಿಂದ ಪಾದದವರೆಗೆ ಊತ, ನೀಲಿ ಬಣ್ಣ. ನೋವಿನ ಮಾತ್ರೆಗೆ ಮಲಬದ್ಧತೆ. ಸೊಪ್ಪಿನ ಸಾರು, ಪಪ್ಪಾಯಿ, ಚೆನ್ನಾಗಿ ನೀರು ಕುಡಿದು ಸುಧಾರಿಸಿಕೊಂಡೆ. ಒಂದು ಕಾಲು ಉದ್ದ ಅನ್ನಿಸುತ್ತಿತ್ತು. ಸ್ನಾಯು ಹೊಂದಿಕೊಂಡ ಮೇಲೆ ಆ ಭಾವನೆ ಹೋಯಿತು. ರಕ್ತ ಹೆಪ್ಪುಗಟ್ಟದಿರಲು ಹೊಟ್ಟೆಗೆ ಇಂಜೆಕ್ಷನ್ ಇತ್ತು, ಅದರ ಜೊತೆ ಪಾದ ಆಡಿಸುವುದು ಗಂಟೆಗೊಮ್ಮೆ. ಮೀನಖಂಡ ಊದಿ ನೋಯುವುದು, ದಿಢೀರ್ ಉಸಿರಾಟದ ತೊಂದರೆ, ಎದೆನೋವು, ಜ್ವರ, ಗಾಯದಿಂದ ನೀರು ಸೋರುವುದು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಹೋಗಿ.

ನೋಡಲು ಬರುವ ನೆಂಟರಿಗೆ ನಾನು ಫೋನಿನಲ್ಲೇ ಹೇಳಿದೆ: "ನೆಗಡಿ ಕೆಮ್ಮು ಇದ್ರೆ ಬರಬೇಡಿ, ಬಂದ್ರೆ ಮಂಚದ ಮೇಲೆ ಕೂರಬೇಡಿ." ನಮ್ಮ ಅತ್ತಿಗೆ ಬೇಜಾರು ಮಾಡಿಕೊಂಡರು. ಆದರೂ ಹೇಳಲೇಬೇಕು ಅಲ್ವಾ? ಗಾಯ ನಮ್ಮದು.

ಹೊಲಿಗೆ ಬಿಚ್ಚಿದ ಮೇಲೆ ದಿನದಿಂದ ದಿನಕ್ಕೆ ಹಗುರವಾಯಿತು. ಬಸವನಗುಡಿಯ ಕಡಲೆಕಾಯಿ ಪರಿಷೆ ಬಂದಾಗ ನಾನಿನ್ನೂ ವಾಕರ್‌ನಲ್ಲಿದ್ದೆ. ಆ ಜನಜಂಗುಳಿಗೆ ಹೋಗುವ ಮಾತೇ ಇಲ್ಲ. ಅಷ್ಟು ವರ್ಷಗಳಲ್ಲಿ ಪರಿಷೆ ತಪ್ಪಿಸಿದವಳಲ್ಲ, ಹೊಟ್ಟೆ ಉರಿಯಿತು. ನಮ್ಮ ರಸ್ತೆಯ ಫುಟ್‌ಪಾತ್‌ನಲ್ಲಿ ಒಂದು ಕಲ್ಲು ಮೇಲೆ, ಒಂದು ಕೆಳಗೆ. ಅಲ್ಲಿ ವಾಕರ್ ಸಲ್ಲದು. ಹಾಗಾಗಿ ಮಹಡಿಯ ಕಾರಿಡಾರ್‌ನಲ್ಲೇ ನಡೆದೆ. ಒಂದೇ ಸಲ ಬಹಳ ಹೊತ್ತು ನಡೆಯುವುದಕ್ಕಿಂತ ದಿನಕ್ಕೆ ನಾಲ್ಕೈದು ಸಲ ಸ್ವಲ್ಪ ಸ್ವಲ್ಪ ನಡೆಯುವುದು ಒಳ್ಳೆಯದು. ವಾಕರ್ ಬಿಟ್ಟು ಕೋಲಿಗೆ ಬಂದಾಗ ನೆನಪಿಡಿ: ಬಲಗಾಲಿಗೆ ಆಪರೇಷನ್ ಆಗಿದ್ದರೆ ಕೋಲು ಎಡಗೈಯಲ್ಲಿ. ಆಮೇಲೆ ಬ್ಯೂಗಲ್ ರಾಕ್ ಪಾರ್ಕಿನ ಸಮತಟ್ಟು ದಾರಿಗೆ ಹೋದೆ.

ಸುಮಾರು 6 ವಾರದ ಚೆಕಪ್‌ನಲ್ಲಿ ಎಕ್ಸ್‌ರೇ ನೋಡಿ ಕೆಲಸ ಶುರುಮಾಡಿ ಅಂದರು. ಅರ್ಧ ಗಂಟೆ ಹೊಲಿಗೆ, ಎದ್ದು ಓಡಾಟ, ಮತ್ತೆ ಹೊಲಿಗೆ. ನಿಂತು ಬಟ್ಟೆ ಕತ್ತರಿಸಿದರೆ ಬೆನ್ನುನೋವೂ ಕಮ್ಮಿ. ಈಗ ನೆಲದ ಕಟಿಂಗ್ ಬೇಕು ಅನ್ನಿಸುವುದೇ ಇಲ್ಲ. ಸೀರೆ ಉಟ್ಟು ಸ್ಕೂಟರ್ ಹಿಂದೆ ಒಂದು ಕಡೆಗೆ ಕಾಲು ಹಾಕಿ ಕೂರುವುದನ್ನು ನಮ್ಮ ಡಾಕ್ಟರು ಬೇಡವೇ ಬೇಡ ಅಂದರು. ಸೊಂಟ ತಿರುಚುತ್ತದೆ, ಬಿದ್ದರೆ ಇನ್ನೂ ಅನಾಹುತ. ಆಟೋದಲ್ಲೇ ಓಡಾಡುತ್ತೇನೆ. ಮೆಟ್ರೋದಲ್ಲಿ ತಪಾಸಣೆ ಯಂತ್ರ ಕೂಗುತ್ತದೆ. ಕೀಲಿನ ವಿಷಯ ಹೇಳಿದರೆ ಸಾಕು, ಕೈಯಂತ್ರದಲ್ಲಿ ನೋಡಿ ಬಿಡುತ್ತಾರೆ.

ಡಿಸ್ಚಾರ್ಜ್ ಕಾಗದದ ಜೊತೆ ಇಂಪ್ಲಾಂಟ್‌ನ ಸ್ಟಿಕ್ಕರ್‌ಗಳನ್ನು ಕೇಳಿ ಪಡೆಯಿರಿ. ಕಂಪನಿ, ಸೈಜು, ಬ್ಯಾಚ್ ನಂಬರ್ ಅದರಲ್ಲಿರುತ್ತದೆ. ಮುಂದೆ ಯಾವ ಡಾಕ್ಟರು ನೋಡಿದರೂ ಅದು ಬೇಕು. ಹಲ್ಲಿನ ಡಾಕ್ಟರಿಗೂ ಕೀಲು ಬದಲಾಗಿರುವುದು ಗೊತ್ತಿರಲಿ. ಎವಿಎನ್ ಎಷ್ಟೋ ಜನಕ್ಕೆ ಎರಡೂ ಕಡೆ ಬರುತ್ತದೆ, ಹಾಗಾಗಿ ಬಲಗಡೆಯ ಚೆಕಪ್‌ಗೆ ಹೋದಾಗಲೆಲ್ಲಾ ಎಡಗಡೆಯದನ್ನೂ ನೋಡಿಸುತ್ತೇನೆ. ಇಲ್ಲಿಯವರೆಗೆ ಎಡಗಡೆ ಚೆನ್ನಾಗಿದೆ.