ಕ್ಯಾಂಪರ್ ಫ್ರಿಜ್ ಚೆನ್ನಾಗಿ ತಣಿಯಲು ಸಣ್ಣ ಫ್ಯಾನ್ ಅಳವಡಿಸುವ ಬಗೆ

ಬಿಸಿಲು ಏರಿದ ಮಧ್ಯಾಹ್ನದಲ್ಲಿ ಕ್ಯಾಂಪರ್ ವಾಹನದ, ಅಂದರೆ ಒಳಗೇ ಮಲಗಿ ಉಳಿಯಬಹುದಾದ ಪ್ರವಾಸಿ ವಾಹನದ, ಫ್ರಿಜ್ ತಣಿಯದೆ ಹೋದರೆ ಬಹಳಷ್ಟು ಜನ ಮೊದಲು ಅದರ ಗುಂಡಿಯನ್ನು ಕೊನೆಯ ಅಂಕಿಯವರೆಗೆ ತಿರುಗಿಸುತ್ತಾರೆ. ಇದರಿಂದ ಸಿಗುವ ಲಾಭ ಕಡಿಮೆ, ಏಕೆಂದರೆ ತೊಂದರೆ ಹೆಚ್ಚಾಗಿ ಇರುವುದು ಫ್ರಿಜ್‌ನ ಒಳಗಲ್ಲ, ಅದರ ಬೆನ್ನ ಹಿಂದೆ. ಒಳಗಿನಿಂದ ಹೀರಿಕೊಂಡ ಶಾಖ ಹಿಂಬದಿಯಿಂದ ಹೊರಗೆ ಹೋಗಲಾಗದೆ ಅಲ್ಲೇ ನಿಂತುಬಿಡುತ್ತದೆ. ಫ್ಯಾನ್ ತಾನಾಗಿ ತಂಪನ್ನು ಉಂಟುಮಾಡುವುದಿಲ್ಲ. ಹಾಗೆ ನಿಂತ ಬಿಸಿಯನ್ನು ಹೊರಗೆ ದಾಟಿಸುವುದಷ್ಟೇ ಅದರ ಕೆಲಸ. ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಎಷ್ಟು ಫ್ಯಾನ್ ಬೇಕು, ಎಲ್ಲಿ ಕೂರಿಸಬೇಕು, ಯಾವ ದಿಕ್ಕಿಗೆ ತಿರುಗಿಸಬೇಕು ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ಸುಲಭವಾಗಿ ಸಿಗುತ್ತದೆ.

ಇಲ್ಲಿ ಹೇಳುತ್ತಿರುವುದು ಮುಖ್ಯವಾಗಿ ಗ್ಯಾಸ್, 12 ವೋಲ್ಟ್ ಬ್ಯಾಟರಿ ಮತ್ತು ಮನೆಯ ವಿದ್ಯುತ್ ಮೂರರಿಂದಲೂ ನಡೆಯುವ ಅಬ್ಸಾರ್ಪ್ಷನ್ ಫ್ರಿಜ್‌ನ ವಿಷಯ. ಸ್ವೀಡನ್ನಿನ ಬಾಲ್ಟ್ಸರ್ ಫಾನ್ ಪ್ಲಾಟನ್ ಮತ್ತು ಕಾರ್ಲ್ ಮುಂಟರ್ಸ್ ತಾವಿನ್ನೂ ವಿದ್ಯಾರ್ಥಿಗಳಾಗಿದ್ದಾಗ, 1922ರಲ್ಲಿ, ರೂಪಿಸಿದ ತತ್ತ್ವವೇ ಇಂದಿಗೂ ಇದರ ಆಧಾರ. ಇದರಲ್ಲಿ ಕಂಪ್ರೆಸರ್ ಇಲ್ಲ, ತಿರುಗುವ ಭಾಗವೂ ಇಲ್ಲ. ಕೆಳಗಿನ ಬಾಯ್ಲರ್‌ನಲ್ಲಿ ಅಮೋನಿಯಾ ಬೆರೆತ ನೀರು ಕಾಯುತ್ತದೆ. ಹೊಮ್ಮಿದ ಅಮೋನಿಯಾ ಆವಿ ಮೇಲೇರಿ, ಹಿಂಬದಿಯ ತುದಿಯಲ್ಲಿರುವ ಕಂಡೆನ್ಸರ್‌ನಲ್ಲಿ ಶಾಖವನ್ನು ಬಿಟ್ಟುಕೊಟ್ಟು ದ್ರವವಾಗುತ್ತದೆ. ಆ ದ್ರವ ಜಲಜನಕದ ನಡುವೆ ಮತ್ತೆ ಆವಿಯಾಗುವಾಗ ಫ್ರಿಜ್‌ನ ಒಳಗಿನ ಶಾಖವನ್ನು ಎಳೆದುಕೊಳ್ಳುತ್ತದೆ. ಕೊನೆಗೆ ಕೆಳಭಾಗದ ಸುರುಳಿ ಕೊಳವೆಗಳಲ್ಲಿ ನೀರು ಅದನ್ನು ಪುನಃ ಹೀರಿಕೊಳ್ಳುತ್ತದೆ. ಹೀಗೆ ಹೀರಿಕೊಳ್ಳುವಾಗಲೂ ಶಾಖ ಹೊರಬರುತ್ತದೆ. ಅಂದರೆ ಕಂಡೆನ್ಸರ್ ಮತ್ತು ಸುರುಳಿ ಎರಡಕ್ಕೂ ಗಾಳಿ ತಾಗಬೇಕು. ವಾಹನದ ಹೊರಗೋಡೆಯಲ್ಲಿರುವ ಕೆಳಗಿನ ಜಾಲಿಯಿಂದ ತಂಪು ಗಾಳಿ ಒಳಬಂದು, ಬಿಸಿಯಾಗಿ ಮೇಲೇರಿ, ಮೇಲಿನ ಜಾಲಿಯಿಂದ ಹೊರಹೋಗುತ್ತದೆ ಎಂದು ನಂಬಿ ತಯಾರಕರು ಇದನ್ನು ವಿನ್ಯಾಸಗೊಳಿಸಿರುತ್ತಾರೆ. ಗಾಳಿಯೇ ಇಲ್ಲದ ದಿನ, ಅಥವಾ ಜಾಲಿಗಳಿರುವ ಬದಿಗೇ ಬಿಸಿಲು ಬಡಿಯುವಾಗ, ಈ ಸಹಜ ಸೆಳೆತ ಸಾಲದಾಗುತ್ತದೆ.

ಫ್ಯಾನ್ ಕೊಳ್ಳುವ ಮುನ್ನ ಈಗಿನ ಸ್ಥಿತಿಯನ್ನು ಅಳೆದಿಟ್ಟುಕೊಳ್ಳುವುದು ಅಗತ್ಯ. ಫ್ರಿಜ್‌ನ ನಡುವಿನ ತಟ್ಟೆಯಲ್ಲಿ ಒಂದು ಲೋಟ ನೀರಿಟ್ಟು, ಅದರಲ್ಲಿ ಥರ್ಮಾಮೀಟರ್ ಮುಳುಗಿಸಿ, ಹೊರಗಿನ ಉಷ್ಣತೆಯೊಂದಿಗೆ ಹೋಲಿಸಿ ಬರೆದುಕೊಳ್ಳಿ. ಬಾಗಿಲು ತೆರೆದಾಗಲೆಲ್ಲ ಒಳಗಿನ ಗಾಳಿಯ ಉಷ್ಣತೆ ಜಿಗಿಯುತ್ತದೆ, ನೀರಿನದು ಹಾಗೆ ಜಿಗಿಯುವುದಿಲ್ಲವಾದ್ದರಿಂದ ಅದರ ಅಂಕಿಯೇ ನಂಬಿಕೆಗೆ ಅರ್ಹ. ಆಹಾರ ಕೆಡದಿರಲು 5 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕಡಿಮೆ ಬೇಕು. ಅಳೆಯುವಾಗ ವಾಹನ ಸಮತಟ್ಟಾಗಿ ನಿಂತಿರಲಿ. ಈ ಫ್ರಿಜ್‌ನಲ್ಲಿ ದ್ರವ ಗುರುತ್ವದಿಂದಲೇ ಹರಿಯುವುದರಿಂದ, ವಾಹನ ಹೆಚ್ಚು ವಾಲಿ ನಿಂತರೆ ಯಾವ ಫ್ಯಾನೂ ಅದನ್ನು ಸರಿಪಡಿಸಲಾರದು. ಬಾಗಿಲಿನ ರಬ್ಬರಿಗೆ ಒಂದು ಕಾಗದದ ಚೂರು ಸಿಕ್ಕಿಸಿ ಎಳೆದು ನೋಡಿ. ಸಲೀಸಾಗಿ ಜಾರಿ ಬಂದರೆ ರಬ್ಬರನ್ನೇ ಮೊದಲು ಬದಲಿಸಬೇಕು.

ಮುಂದಿನದು ನನ್ನ ದೃಷ್ಟಿಯಲ್ಲಿ ಇಡೀ ಕೆಲಸದ ಅತಿ ಮುಖ್ಯ ಭಾಗ. ಎರಡೂ ಜಾಲಿಗಳನ್ನು ಕಳಚಿ, ಟಾರ್ಚ್ ಬೆಳಕಿನಲ್ಲಿ ಫ್ರಿಜ್‌ನ ಬೆನ್ನಿಗೂ ವಾಹನದ ಹೊರಗೋಡೆಗೂ ನಡುವೆ ಎಷ್ಟು ಜಾಗವಿದೆ ಎಂದು ನೋಡಿ. ಈ ಜಾಗ ವಿಶಾಲವಾಗಿದ್ದಷ್ಟೂ ಒಳ್ಳೆಯದೆಂದು ಅನ್ನಿಸುವುದು ಸಹಜ, ಆದರೆ ವಾಸ್ತವ ಅದಕ್ಕೆ ವಿರುದ್ಧ. ಅಂತರ ಹೆಚ್ಚಾಗಿದ್ದರೆ ಒಳಬಂದ ಗಾಳಿ ಕಂಡೆನ್ಸರ್‌ನ ರೆಕ್ಕೆಗಳನ್ನು (ಶಾಖ ಬಿಡುವ ತೆಳು ಲೋಹದ ಹಾಳೆಗಳನ್ನು) ಮುಟ್ಟದೆ, ಗೋಡೆಯ ಬದಿಯಿಂದಲೇ ಮೇಲೆ ನುಸುಳಿಹೋಗುತ್ತದೆ. ರೆಕ್ಕೆಗಳಿಗೂ ಗೋಡೆಗೂ ನಡುವೆ ಸುಮಾರು 25 ಮಿಲಿಮೀಟರ್‌ಗಿಂತ ಹೆಚ್ಚು ಅಂತರವಿದ್ದರೆ, ಗೋಡೆಯ ಕಡೆಯಿಂದ ಓರೆಯಾಗಿ ಒಂದು ಅಲ್ಯೂಮಿನಿಯಂ ತಗಡನ್ನು ಕೂರಿಸಿ ಗಾಳಿಯನ್ನು ರೆಕ್ಕೆಗಳತ್ತ ತಿರುಗಿಸಬೇಕು. ಫ್ರಿಜ್‌ನ ನೆತ್ತಿಯ ಮೇಲೆ ಖಾಲಿ ಜಾಗವಿದ್ದರೆ ಬಿಸಿ ಗಾಳಿ ಅಲ್ಲಿ ಸೇರಿಕೊಂಡು ಕದಲುವುದಿಲ್ಲ. ಅದು ಮೇಲಿನ ಜಾಲಿಯತ್ತ ಜಾರಿಹೋಗುವಂತೆ ಅಲ್ಲಿಯೂ ಇಳಿಜಾರಾದ ತಗಡು ಬೇಕು. ಇದರ ಜೊತೆಗೆ ಫ್ರಿಜ್‌ನ ಹಿಂಬದಿಯ ಕೋಣೆಗೂ ನಾವು ಮಲಗುವ ಜಾಗಕ್ಕೂ ನಡುವೆ ಒಂದು ಬಿರುಕೂ ಉಳಿಯಕೂಡದು. ಗ್ಯಾಸ್ ಉರಿದ ಹೊಗೆಯಲ್ಲಿ ಜೀವಕ್ಕೇ ಅಪಾಯ ತರುವ ಕಾರ್ಬನ್ ಮಾನಾಕ್ಸೈಡ್ ಇರಬಹುದಾದ್ದರಿಂದ ಇದನ್ನು ಲಘುವಾಗಿ ಎಣಿಸಬಾರದು. ಇಷ್ಟು ಮಾಡಿ ಮತ್ತೊಮ್ಮೆ ಅಳೆದು ನೋಡಿದರೆ, ಕೆಲವು ವಾಹನಗಳಲ್ಲಿ ಫ್ಯಾನ್ ಬೇಡವೆಂದೇ ತೋರಬಹುದು.

ಬೇಕೆಂದಾದರೆ ಕಂಪ್ಯೂಟರ್‌ಗಳಲ್ಲಿ ಬಳಸುವ 12 ವೋಲ್ಟ್ ಡಿಸಿ ಫ್ಯಾನ್‌ಗಳೇ ಸಾಕು. 120 ಮಿಲಿಮೀಟರ್ ಅಗಲದ ಎರಡು ಫ್ಯಾನ್‌ಗಳನ್ನು ಅಕ್ಕಪಕ್ಕ ಇಟ್ಟರೆ ಕಂಡೆನ್ಸರ್‌ನ ಅಗಲದ ಹೆಚ್ಚಿನ ಭಾಗಕ್ಕೆ ಗಾಳಿ ತಲುಪುತ್ತದೆ. ಜಾಗ ಇಕ್ಕಟ್ಟಾಗಿದ್ದರೆ 80 ಅಥವಾ 92 ಮಿಲಿಮೀಟರ್‌ನವು ಆಗುತ್ತವೆ. ಬಾಲ್ ಬೇರಿಂಗ್ ಇರುವುದನ್ನೇ ಆರಿಸಿ, ಏಕೆಂದರೆ ಬಿಸಿಯಲ್ಲಿ ಅಡ್ಡಲಾಗಿ ಮಲಗಿಸಿದ ಸಾಧಾರಣ ಬೇರಿಂಗ್‌ನ ಫ್ಯಾನ್ ಬೇಗ ಸವೆದು ಸದ್ದು ಮಾಡತೊಡಗುತ್ತದೆ. ಬ್ಯಾಟರಿ ಚಾರ್ಜ್ ಆಗುವಾಗ ವೋಲ್ಟೇಜ್ 14.4ರವರೆಗೆ ಏರಬಹುದಾದ್ದರಿಂದ ಫ್ಯಾನ್ ಅಷ್ಟನ್ನು ತಾಳುವಂತಿರಬೇಕು. ಒಂದು ಫ್ಯಾನ್ 0.15 ಆಂಪಿಯರ್ ಸೆಳೆದರೆ ಎರಡೂ ಸೇರಿ ಸುಮಾರು 3.6 ವ್ಯಾಟ್ ಆಗುತ್ತದೆ. ರಾತ್ರಿಯಿಡೀ ತಿರುಗಿದರೂ ಬ್ಯಾಟರಿಗೆ ಭಾರವಲ್ಲ.

ಫ್ಯಾನ್‌ನ ಸ್ಥಾನ ಮೇಲ್ಭಾಗದಲ್ಲಿರಬೇಕು: ಕಂಡೆನ್ಸರ್‌ನ ತುಸು ಕೆಳಗೆ, ಗಾಳಿಯನ್ನು ಮೇಲಕ್ಕೆ ದೂಡುವಂತೆ, ಅಥವಾ ಮೇಲಿನ ಜಾಲಿಯ ಒಳಬದಿಯಲ್ಲಿ, ಗಾಳಿಯನ್ನು ಹೊರಕ್ಕೆ ಎಳೆಯುವಂತೆ. ಮೊದಲನೆಯದನ್ನೇ ನಾನು ಮೆಚ್ಚುತ್ತೇನೆ, ಏಕೆಂದರೆ ಅಲ್ಲಿ ಗಾಳಿ ನೇರವಾಗಿ ರೆಕ್ಕೆಗಳ ನಡುವೆ ಹಾಯುತ್ತದೆ, ಮಳೆಯ ಹನಿಯೂ ಸುಲಭವಾಗಿ ತಾಗುವುದಿಲ್ಲ. ಕೆಳಗಿನ ಜಾಲಿಯ ಬಳಿ ಇಡುವುದಾದರೆ ಗಾಳಿ ಬರ್ನರ್‌ನತ್ತ ಬೀಸಿ ಜ್ವಾಲೆಯನ್ನು ಕದಡುವ ಭಯವಿದೆ. ಫ್ಯಾನ್‌ನ ಚೌಕಟ್ಟಿನ ಮೇಲೆ ಗಾಳಿಯ ದಿಕ್ಕಿನ ಬಾಣದ ಗುರುತು ಇದ್ದರೆ ಅದನ್ನು ನೋಡಿ. ಇಲ್ಲದಿದ್ದರೆ ತೆಳು ಕಾಗದ ಹಿಡಿದು ಪರೀಕ್ಷಿಸಿ. ಸಹಜವಾಗಿ ಮೇಲೇರುವ ಗಾಳಿಗೆ ಎದುರಾಗಿ ಕೂರಿಸಿದರೆ ಇದ್ದ ತಂಪೂ ಹೋಗುತ್ತದೆ. ಫ್ಯಾನ್‌ಗಳನ್ನು ಒಂದು ಅಲ್ಯೂಮಿನಿಯಂ ಪಟ್ಟಿಗೆ ರಬ್ಬರ್ ಬಿಲ್ಲೆಗಳ ಮೇಲೆ ಬಿಗಿದರೆ ರಾತ್ರಿ ಸದ್ದು ಕೇಳಿಸದು. ಸ್ಕ್ರೂ ಹಾಕುವಾಗ ಫ್ರಿಜ್‌ನ ಕೊಳವೆಗಳಿಗೆ ಡ್ರಿಲ್ ತಾಗದಂತೆ ಎಚ್ಚರ ವಹಿಸಬೇಕು. ಅವುಗಳಲ್ಲಿ ಅಮೋನಿಯಾ ಮತ್ತು ಜಲಜನಕ ಹೆಚ್ಚಿನ ಒತ್ತಡದಲ್ಲಿ ತುಂಬಿರುತ್ತವೆ.

ವೈರಿಂಗ್ ಕಷ್ಟವಲ್ಲ. ವಾಹನದೊಳಗಿನ 12 ವೋಲ್ಟ್ ಲೈನಿನಿಂದ 1 ಆಂಪಿಯರ್ ಫ್ಯೂಸ್ ಮೂಲಕ ಧನ ತಂತಿಯನ್ನು ಎಳೆದು, ಒಂದು ಸ್ವಿಚ್ ದಾಟಿಸಿ, ಅನಂತರ ಥರ್ಮಲ್ ಸ್ವಿಚ್‌ಗೆ, ಅಲ್ಲಿಂದ ಫ್ಯಾನ್‌ಗಳಿಗೆ ಜೋಡಿಸಿ. ಫ್ಯೂಸ್ ಬ್ಯಾಟರಿಯ ಕಡೆಗೆ ಹತ್ತಿರವಿರಲಿ. ಸುಮಾರು 40 ಡಿಗ್ರಿಗೆ ಸಂಪರ್ಕ ಕೂಡಿಸಿಕೊಳ್ಳುವ ಥರ್ಮಲ್ ಸ್ವಿಚ್ಚನ್ನು ಕಂಡೆನ್ಸರ್‌ನ ರೆಕ್ಕೆಗೆ ಲೋಹದ ಕ್ಲಿಪ್‌ನಿಂದ ಹಿಡಿಸಿದರೆ, ಬಿಸಿಯಾದಾಗ ಫ್ಯಾನ್ ತಾನೇ ಓಡುತ್ತದೆ, ತಣಿದಾಗ ತಾನೇ ನಿಲ್ಲುತ್ತದೆ. ಎರಡು ಫ್ಯಾನ್‌ಗಳನ್ನು ಸಮಾನಾಂತರವಾಗಿ ಜೋಡಿಸಬೇಕು. ಒಂದರ ಹಿಂದೊಂದು ಜೋಡಿಸಿದರೆ ತಲಾ 6 ವೋಲ್ಟ್ ಮಾತ್ರ ಸಿಕ್ಕಿ, ನಿಧಾನವಾಗಿ ತಿರುಗಬಹುದು ಅಥವಾ ತಿರುಗದೆಯೂ ಇರಬಹುದು. ತಂತಿಗಳು ಹೊಗೆನಳಿಗೆಯಿಂದಲೂ ಬರ್ನರ್‌ನಿಂದಲೂ ಸಾಕಷ್ಟು ದೂರದಲ್ಲಿ ಹಾಯ್ದು, ಶಾಖ ತಾಳುವ ಹೊದಿಕೆಯೊಳಗೆ ಇರಬೇಕು.

ಕೆಲಸ ಮುಗಿದ ಮೇಲೆ ಗ್ಯಾಸ್ ಹಚ್ಚಿ, ಫ್ಯಾನ್ ಓಡುತ್ತಿರುವಾಗಲೇ ಜ್ವಾಲೆಯನ್ನು ಗಮನಿಸಿ. ಅದು ನೀಲಿಯಾಗಿ, ಅಲುಗದೆ ನಿಂತಿರಬೇಕು. ಹಳದಿಗೆ ತಿರುಗಿದರೆ ಅಥವಾ ಆರಿದರೆ ಫ್ಯಾನ್ ನಿಲ್ಲಿಸಿ ಅದರ ಸ್ಥಾನವನ್ನು ಬದಲಿಸಿ. ಫ್ಯಾನ್ ನಿಂತ ಮೇಲೂ ಹಳದಿಯೇ ಉಳಿದರೆ ಬರ್ನರ್ ಶುಚಿಗೊಳಿಸಲು ಗ್ಯಾಸ್ ತಂತ್ರಜ್ಞರನ್ನು ಕರೆಸಬೇಕು. ಅಮೋನಿಯಾದ ಘಾಟು ಬಂದರೆ ಫ್ರಿಜ್ಜನ್ನು ಒಡನೆಯೇ ಆರಿಸಿ, ಬಾಗಿಲು ಕಿಟಕಿಗಳನ್ನು ತೆರೆದು ಹೊರಗೆ ಬನ್ನಿ.

ಫ್ರಿಜ್‌ನ ಒಳಗೂ ಒಂದು ಪುಟ್ಟ ಫ್ಯಾನ್ ಇಡಬಹುದು. ಅದರ ಉದ್ದೇಶ ಬೇರೆ: ಒಳಗಿನ ತಂಪು ಲೋಹದ ರೆಕ್ಕೆಗಳ ಬಳಿಯೇ ಉಳಿಯದೆ, ಬಾಗಿಲಿನ ಅರೆಗಳವರೆಗೆ ಸಮನಾಗಿ ಹರಡುವಂತೆ ಮಾಡುವುದು. ನಿಧಾನವಾಗಿ ತಿರುಗುವ 40 ಮಿಲಿಮೀಟರ್‌ನ ಒಂದು ಫ್ಯಾನ್ ಇದಕ್ಕೆ ಸಾಕು. ಆದರೆ ಡಬ್ಬಗಳನ್ನು ಒತ್ತೊತ್ತಾಗಿ ತುಂಬಿ ರೆಕ್ಕೆಗಳನ್ನೇ ಮುಚ್ಚಿದ್ದರೆ ಇದರಿಂದ ಏನೂ ಆಗದು. ಮಂಜುಗಡ್ಡೆ ದಪ್ಪಗೆ ಕಟ್ಟಿದ್ದರೆ ಮೊದಲು ಅದನ್ನು ಕರಗಿಸಬೇಕು, ಚಾಕುವಿನಿಂದ ಕೆರೆಯಬಾರದು.

ಬದಲಾವಣೆಯ ಫಲ ಗಂಟೆಯೊಳಗೆ ಕಾಣುವುದಿಲ್ಲ, ಏಕೆಂದರೆ ಈ ಬಗೆಯ ಫ್ರಿಜ್ ನಿಧಾನವಾಗಿಯೇ ತಣಿಯುತ್ತದೆ. ಒಂದು ಪೂರ್ಣ ದಿನ ಓಡಲು ಬಿಟ್ಟು, ಹೊರಗಿನ ಉಷ್ಣತೆ ಮೊದಲು ಅಳೆದ ದಿನದಷ್ಟೇ ಇರುವಾಗ, ಅದೇ ಲೋಟದ ನೀರನ್ನು ಅದೇ ತಟ್ಟೆಯಲ್ಲಿಟ್ಟು ಮತ್ತೆ ಅಳೆಯಿರಿ.