ಹರಿಯುವ ಮಾತಿನೊಳಗಿಂದ ಶಬ್ದ ಹೆಕ್ಕುವ ಬಗೆ: ಕೂಸಿಗೂ, ಊರಿಗೆ ಹೊಸಬರಿಗೂ

ಕಲಬುರಗಿಯ ನಮ್ಮ ಮನೆಯ ಮೇಲಿನ ಖೋಲಿಗೆ ಬಾಡಿಗೆಗೆ ಬಂದ ಹಿಂದಿ ಭಾಷಿಕ ಬ್ಯಾಂಕ್ ನೌಕರರೊಬ್ಬರು ದಿನಕ್ಕೆ ಹತ್ತು ಕನ್ನಡ ಶಬ್ದಗಳನ್ನು ನೋಟ್‌ಬುಕ್ಕಿನಲ್ಲಿ ಬರೆದು ಬಾಯಿಪಾಠ ಮಾಡುತ್ತಿದ್ದರು. ‘ನೀರು’ ಅವರಿಗೆ ಗೊತ್ತಿತ್ತು. ಆದರೆ ನನ್ನ ಹೆಂಡತಿ ಕೆಳಗಿನಿಂದ ‘ನೀರ ಬಂದಾವ ನೋಡ್ರಿ’ ಎಂದು ಕೂಗಿದರೆ ಆ ಮಾತಿನಲ್ಲಿ ನೀರು ಎಲ್ಲಿದೆ ಎಂಬುದು ತಿಳಿಯುತ್ತಿರಲಿಲ್ಲ. ಇನ್ನೂ ವರ್ಷ ತುಂಬದ ನನ್ನ ಮೊಮ್ಮಗಳು ಅದೇ ಕೂಗಿಗೆ ನಳದ ಕಡೆ ತಿರುಗುತ್ತಿದ್ದಳು.

ಬರೆದ ಸಾಲಿನಲ್ಲಿರುವಂತೆ ಆಡಿದ ಮಾತಿನಲ್ಲಿ ಶಬ್ದಶಬ್ದಕ್ಕೂ ನಡುವೆ ಜಾಗವಿರುವುದಿಲ್ಲ. ಆ ಗಡಿಯನ್ನು ಕಿವಿಯೇ ಹುಡುಕಿಕೊಳ್ಳಬೇಕು. 1996ರಲ್ಲಿ ಜೆನ್ನಿ ಸ್ಯಾಫ್ರನ್, ರಿಚರ್ಡ್ ಆಸ್ಲಿನ್ ಮತ್ತು ಎಲಿಸಾ ನ್ಯೂಪೋರ್ಟ್ ಎಂಬ ಸಂಶೋಧಕರು ಎಂಟು ತಿಂಗಳ ಕೂಸುಗಳಿಗೆ ಅರ್ಥವಿಲ್ಲದ ಶಬ್ದಗಳನ್ನು ತಡೆಯಿಲ್ಲದೆ ಜೋಡಿಸಿ ಎರಡೇ ನಿಮಿಷ ಕೇಳಿಸಿದಾಗ, ಯಾವ ಅಕ್ಷರ ಆದ ಮೇಲೆ ಯಾವ ಅಕ್ಷರ ತಪ್ಪದೆ ಬರುತ್ತದೆ ಎಂಬುದನ್ನು ಕೂಸುಗಳು ಗುರುತಿಸಿದವು. ‘ರೊ’ ಆದ ಮೇಲೆ ‘ಟ್ಟಿ’ ಬರುವುದು ನಮ್ಮ ಮನೆಗಳಲ್ಲಿ ಹೆಚ್ಚುಕಡಿಮೆ ಖಚಿತ. ‘ಟ್ಟಿ’ ಆದ ಮೇಲೆ ಏನು ಬೇಕಾದರೂ ಬರಬಹುದು. ಗಡಿ ಇರುವುದು ಅಲ್ಲಿಯೇ.

ಆದ್ದರಿಂದ ಕೂಸಿಗೆ ‘ರೊಟ್ಟಿ, ರೊಟ್ಟಿ’ ಎಂದು ಒಂಟಿ ಶಬ್ದವನ್ನಷ್ಟೇ ಹೇಳಿಕೊಡುತ್ತ ಕೂಡಬೇಡಿ. ರೊಟ್ಟಿ ಬಡಿಯುವಾಗ ಕೂಸನ್ನು ಹತ್ತಿರ ಕೂಡಿಸಿಕೊಂಡು ‘ರೊಟ್ಟಿ ಬೇಕೇನು? ರೊಟ್ಟಿ ಬಿಸಿ ಅದ. ಅಜ್ಜಗ ರೊಟ್ಟಿ ಕೊಡು’ ಎಂದು, ಶಬ್ದವನ್ನು ಹಾಗೇ ಇಟ್ಟು ಅಕ್ಕಪಕ್ಕದ ಮಾತನ್ನು ಮಾತ್ರ ಬದಲಿಸುತ್ತ, ತುಸು ನಿಧಾನವಾಗಿ, ದನಿಯನ್ನು ಏರಿಸಿ ಇಳಿಸಿ ಮಾತಾಡಿ. ಕನ್ನಡದಲ್ಲಿ ವ್ಯಾಕರಣದ ಬಹುಪಾಲು ಶಬ್ದದ ಬಾಲದಲ್ಲಿರುವುದರಿಂದ ‘ಮನಿ, ಮನಿಗಿ, ಮನ್ಯಾಗ’ ಎಂಬ ರೂಪಗಳು ಒಂದೇ ಸಂದರ್ಭದಲ್ಲಿ ಬೆನ್ನುಬೆನ್ನಿಗೆ ಕಿವಿಗೆ ಬಿದ್ದರೆ ಬುಡ ಯಾವುದು, ಪ್ರತ್ಯಯ ಯಾವುದು ಎಂಬುದು ತಾನೇ ಬೇರೆಯಾಗುತ್ತದೆ.

ಮೂರರ ಹತ್ತಿರ ಬಂದಾಗ ಇದೇ ಮೊಮ್ಮಗಳು ಪೇರಲಕಾಯಿ ಹಿಡಿದುಕೊಂಡು ಬಂದು ‘ಅಜ್ಜ ಕೊಡ್ದ’ ಎಂದಳು. ನಾವ್ಯಾರೂ ಹಾಗೆ ಅನ್ನುವುದಿಲ್ಲ. ‘ಮಾಡ್ದ, ಓಡ್ದ’ ಕೇಳಿ ತಾನೇ ನಿಯಮ ಕಂಡುಕೊಂಡು ಅದನ್ನು ‘ಕೊಡು’ವಿಗೂ ಹಚ್ಚಿದ್ದಳು, ನನಗಂತೂ ಅದು ತಪ್ಪಿಗಿಂತ ದೊಡ್ಡ ಸಾಧನೆಯಾಗಿ ಕಂಡಿತು. ಇಂಥ ಹೊತ್ತಿನಲ್ಲಿ ಬೈಯದೆ, ತಿದ್ದುಪಡಿಯ ಪಾಠವನ್ನೂ ಮಾಡದೆ, ‘ಹೌದs, ಅಜ್ಜ ಕೊಟ್ಟನೇನು?’ ಎಂದು ಸರಿಯಾದ ರೂಪದಲ್ಲಿ ಮಾತು ಮುಂದುವರಿಸಿದರೆ ಸಾಕು.

ಮೊಬೈಲ್ ಈ ಕೆಲಸ ಮಾಡೀತೆಂದು ನಂಬಬೇಡಿ. ಪೆಟ್ರಿಷಿಯಾ ಕೂಲ್ ಮತ್ತು ಸಂಗಡಿಗರ 2003ರ ಅಧ್ಯಯನದಲ್ಲಿ, ಒಂಬತ್ತು ತಿಂಗಳ ಅಮೆರಿಕದ ಕೂಸುಗಳು ಚೀನೀ ಭಾಷೆಯ ಧ್ವನಿಗಳನ್ನು ಎದುರಿಗೆ ಕೂತು ಆಡಿಸಿದವರಿಂದ ಕಲಿತವು. ಅದೇ ಮಾತನ್ನು ವಿಡಿಯೊದಲ್ಲಿ ನೋಡಿದ ಕೂಸುಗಳು ಕಲಿಯಲಿಲ್ಲ. ಪಕ್ಕದ ಮನೆಯ ಖಾಲಾ ದಖನಿ ಉರ್ದುವಿನಲ್ಲಿ ಆಡಿಸಿದರೆ ಕನ್ನಡ ಕೆಡುತ್ತದೆಂಬ ಹೆದರಿಕೆಯೂ ಬೇಡ. ಬೀದರಿನಲ್ಲಿ ಮರಾಠಿಯನ್ನೂ ಯಾದಗಿರಿಯಲ್ಲಿ ತೆಲುಗನ್ನೂ ಕೇಳುತ್ತ ಬೆಳೆದ ಮಕ್ಕಳು ಕನ್ನಡವನ್ನೂ ಚೊಕ್ಕವಾಗಿ ಆಡುತ್ತಾರೆ.

ದೊಡ್ಡವರ ಕಿವಿಯೂ ಗಡಿ ಹುಡುಕಬಲ್ಲದು, ಆದರೆ ಅದಕ್ಕೆ ಸಾಕಷ್ಟು ಮಾತು ಸಿಗಬೇಕು. ನಮ್ಮ ಬಾಡಿಗೆದಾರರಿಗೆ ನೋಟ್‌ಬುಕ್ ಮುಚ್ಚಿ ಕಣ್ಣಿ ಮಾರ್ಕೆಟ್ಟಿನಲ್ಲಿ ಪ್ರತಿ ಸಲವೂ ಅದೇ ಕಾಯಿಪಲ್ಯೆ ಮಾರುವವರ ಹತ್ತಿರ ವಾರಕ್ಕೆ ಮೂರು ಸಲ ಹೋಗಲು ಹೇಳಿದೆ. ‘ಯಕ್ಕಾ, ಬದನಿಕಾಯಿ ಹ್ಯಾಂಗ ಕಿಲೋರಿ?’ ಎಂಬ ಒಂದು ವಾಕ್ಯವನ್ನು ಇಡಿಯಾಗಿ ಕಲಿತು, ಬದನಿಕಾಯಿಯ ಜಾಗದಲ್ಲಿ ದಿನಕ್ಕೊಂದು ಹೆಸರು ಹಾಕುತ್ತ ಹೋದರು. ಮನೆಯಲ್ಲಿ ನನ್ನ ಹೆಂಡತಿಯ ಒಪ್ಪಿಗೆ ಪಡೆದು ಎರಡು ನಿಮಿಷದ ಮಾತನ್ನು ಮೊಬೈಲಿನಲ್ಲಿ ಹಿಡಿದಿಟ್ಟುಕೊಂಡು, ಅರ್ಥ ಕೇಳದೆ, ಪದೇಪದೇ ಬರುವ ತುಣುಕುಗಳಿಗೆ ಮಾತ್ರ ಕಿವಿಗೊಟ್ಟು, ಆಮೇಲೆ ಅವುಗಳ ಅರ್ಥ ವಿಚಾರಿಸಿದರು.

ಧ್ವನಿಗಳಿಗೆ ಮಾತ್ರ ಬೇರೆ ಅಭ್ಯಾಸ ಬೇಕು. ತಾಯಿನುಡಿಯಲ್ಲಿಲ್ಲದ ಧ್ವನಿಭೇದಗಳನ್ನು ಕೂಸಿನ ಕಿವಿ ವರ್ಷ ತುಂಬುವ ಹೊತ್ತಿಗೆ ಬಹುಮಟ್ಟಿಗೆ ಕೈಬಿಡುತ್ತದೆ. ಹಿಂದಿಯವರಿಗೆ ‘ಹಲ್ಲಿ’ಯೂ ‘ಹಳ್ಳಿ’ಯೂ ಒಂದೇ ಎನಿಸುವುದು ಇದರಿಂದಲೇ. ಹೇಳುವವರು ತಮ್ಮ ಬಾಯಿ ಕಾಣದಂತೆ ಕೈ ಅಡ್ಡ ಹಿಡಿದು ಎರಡರಲ್ಲೊಂದನ್ನು ಹೇಳಲಿ, ಕಲಿಯುವವರು ಯಾವುದೆಂದು ಬೆರಳು ತೋರಿಸಲಿ, ಸರಿಯೋ ತಪ್ಪೋ ಆಗಲೇ ತಿಳಿಸಲಿ. ಕಿವಿ ಬೇರೆ ಮಾಡಿದ ಮೇಲೆಯೇ ನಾಲಿಗೆಯನ್ನು ಮಡಿಸಲು ಹೇಳಿಕೊಡಿ.