ಹ್ಯಾಮ್ ಹಾಟ್‌ಸ್ಪಾಟ್‌ಗೆ ಲ್ಯಾನ್ ತಂತಿ ಜೋಡಿಸುವುದು ಹೇಗೆ?

ಡಿಜಿಟಲ್ ಹ್ಯಾಮ್ (ಹವ್ಯಾಸಿ) ರೇಡಿಯೊದವರ ಮೇಜಿನ ಮೇಲೆ ಅಂಗೈಯಲ್ಲಿ ಅಡಗುವಂಥ ಒಂದು ಪೆಟ್ಟಿಗೆ ಇರುತ್ತದೆ. ಒಳಗೆ ರಾಸ್ಪ್‌ಬೆರಿ ಪೈ ಝೀರೊ ಡಬ್ಲ್ಯೂ ಎಂಬ ಪುಟ್ಟ ಕಂಪ್ಯೂಟರ್, ಅದರ ಬೆನ್ನೇರಿ ಕುಳಿತ ಎಂಎಂಡಿವಿಎಂ ಎಂಬ ರೇಡಿಯೊ ಬೋರ್ಡು, ಹೊರಗೆ ಕಿರುಬೆರಳಷ್ಟು ಆಂಟೆನಾ. ಕೈಯಲ್ಲಿರುವ ಡಿಎಂಆರ್ (ಒಂದು ಬಗೆಯ ಡಿಜಿಟಲ್ ರೇಡಿಯೊ) ಸೆಟ್ಟಿನ ಮಾತನ್ನು ಹಿಡಿದು ಇದು ಅಂತರ್ಜಾಲಕ್ಕೆ ದಾಟಿಸುತ್ತದೆ. ಅತ್ತಲಿಂದ ಬಂದದ್ದನ್ನು ಸುಮಾರು 10 ಮಿಲಿವಾಟ್ ಶಕ್ತಿಯಲ್ಲಿ ಮನೆಯೊಳಗೆ ಬಿತ್ತರಿಸುತ್ತದೆ. ಇದೇ ಹಾಟ್‌ಸ್ಪಾಟ್. 65 ಮಿ.ಮೀ. ಉದ್ದ, 30 ಮಿ.ಮೀ. ಅಗಲದ ಝೀರೊದಲ್ಲಿ ಲ್ಯಾನ್ (ಜಾಲದ ತಂತಿ) ಕಿಂಡಿ ಇಲ್ಲದ ಕಾರಣ ಎಲ್ಲರೂ ವೈಫೈ ನೆಚ್ಚಿಕೊಂಡಿರುತ್ತಾರೆ.

ತಂತಿ ಎಳೆದರೆ ವೇಗ ಹೆಚ್ಚುತ್ತದೆ ಎಂದು ಯಾರಾದರೂ ಹೇಳಿದರೆ ತಲೆ ಕೆಡಿಸಿಕೊಳ್ಳಬೇಡಿ. ಇಲ್ಲಿ ವೇಗ ಬೇಕಾಗಿಯೇ ಇಲ್ಲ. ಡಿಎಂಆರ್ ಧ್ವನಿ ಪ್ರತಿ 60 ಮಿಲಿಸೆಕೆಂಡಿಗೆ 55 ಬೈಟ್‌ಗಳ ಒಂದು ಪೊಟ್ಟಣವಾಗಿ ಬರುತ್ತದೆ. ಜಾಲದ ವಿಳಾಸ ಇತ್ಯಾದಿ ಸೇರಿಸಿದರೂ ಸೆಕೆಂಡಿಗೆ 11 ಕಿಲೋಬಿಟ್‌ನ ಆಸುಪಾಸು. ಬೇಕಾದದ್ದು ಹೊತ್ತಿಗೆ ಸರಿಯಾಗಿ ಬರುವುದು. ಹಾಲಿನವನು ಅರ್ಧ ಲೀಟರ್ ತಂದರೂ ಸಾಕು, ಕಾಫಿ ಹೊತ್ತಿಗೆ ತರಬೇಕು. ಮೂರು ದಿನದ ಹಾಲನ್ನು ಒಟ್ಟಿಗೆ ಸುರಿದರೆ ಉಪಯೋಗವಿಲ್ಲ. ಝೀರೊ ಡಬ್ಲ್ಯೂನ ವೈಫೈ ಕೆಲಸ ಮಾಡುವುದು 2.4 ಗಿಗಾಹರ್ಟ್ಸ್‌ನಲ್ಲಿ ಮಾತ್ರ. ಅಪಾರ್ಟ್‌ಮೆಂಟಿನ ಹತ್ತಾರು ರೌಟರುಗಳು, ಬ್ಲೂಟೂತ್, ಮೈಕ್ರೋವೇವ್ ಒಲೆ ಎಲ್ಲವೂ ಅಲ್ಲೇ ಗದ್ದಲ ಮಾಡುತ್ತಿರುತ್ತವೆ. ಪೊಟ್ಟಣಗಳು ತಡವಾದಾಗ ಅತ್ತಲಿನ ಗೆಳೆಯನ ಮಾತು ಕೊಡದೊಳಗೆ ಬಾಯಿಟ್ಟು ಗುಳುಗುಳು ಎಂದಂತೆ ಕೇಳುತ್ತದೆ.

ತಂತಿ ಎಳೆದು ಇದನ್ನು ತಪ್ಪಿಸಲು ಸುಲಭದ ದಾರಿ ಯುಎಸ್‌ಬಿ ಲ್ಯಾನ್ ಅಡಾಪ್ಟರ್. ರಿಯಲ್‌ಟೆಕ್‌ನ ಆರ್‌ಟಿಎಲ್8152 ಚಿಪ್ ಇರುವುದನ್ನು ಕೇಳಿ ಕೊಳ್ಳಿ. ಪೈ ಒಳಗಿನ ಕಾರ್ಯಾಚರಣಾ ವ್ಯವಸ್ಥೆ ಲಿನಕ್ಸ್ ಅದನ್ನು ತಾನಾಗಿಯೇ ಗುರುತಿಸುತ್ತದೆ. ಜೊತೆಗೆ ಅದನ್ನು ಪೈನ ಪುಟ್ಟ ಕಿಂಡಿಗೆ ಸೇರಿಸಲು ಒಂದು ಮೈಕ್ರೊ ಯುಎಸ್‌ಬಿ ಓಟಿಜಿ ಕೇಬಲ್ ಬೇಕು. ಝೀರೊದ ಅಂಚಿನಲ್ಲಿ ಒಂದೇ ಥರದ ಎರಡು ಮೈಕ್ರೊ ಕಿಂಡಿಗಳಿವೆ. ಮೂಲೆಯದು ವಿದ್ಯುತ್ತಿಗೆ, ಎಚ್‌ಡಿಎಂಐ ಕಡೆಗಿರುವುದು ದತ್ತಾಂಶಕ್ಕೆ. ಓಟಿಜಿ ಹೋಗಬೇಕಾದದ್ದು ಎರಡನೆಯದಕ್ಕೆ. ಹಾಟ್‌ಸ್ಪಾಟ್‌ನ ವಿದ್ಯುತ್ ತೆಗೆದು, ಎಲ್ಲ ಜೋಡಿಸಿ, ಆಮೇಲೆ ವಿದ್ಯುತ್ ಕೊಡಿ. ಚಾಲೂ ಇರುವಾಗಲೇ ಅಡಾಪ್ಟರ್ ಚುಚ್ಚಿದರೆ ವೋಲ್ಟೇಜ್ ಕುಸಿದು ಪೈ ಮರುಚಾಲನೆಗೊಳ್ಳಬಹುದು. 5 ವೋಲ್ಟ್, 2 ಆಂಪಿಯರ್‌ನ ಒಳ್ಳೆಯ ವಿದ್ಯುತ್ ಅಡಾಪ್ಟರ್ ಇರಲಿ, ಹಳೆಯ ಮೊಬೈಲ್ ಚಾರ್ಜರ್ ಬೇಡ. ಹೆಚ್ಚಿನವರು ಇಲ್ಲಿಗೇ ನಿಲ್ಲಬಹುದು.

ಪೆಟ್ಟಿಗೆಯಿಂದ ಬಾಲ ನೇತಾಡುವುದು ಇಷ್ಟವಿಲ್ಲದವರು ಬೆಸುಗೆ ಕಡ್ಡಿ ಬಿಸಿ ಮಾಡಿ. ಇಎನ್‌ಸಿ28ಜೆ60 ಎಂಬ ಚಿಪ್ ಇರುವ ಪುಟ್ಟ ಲ್ಯಾನ್ ಮಾಡ್ಯೂಲ್ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಿಗುತ್ತದೆ. ಅದರ ವೇಗ ಸೆಕೆಂಡಿಗೆ 10 ಮೆಗಾಬಿಟ್ ಮಾತ್ರ. ನಮ್ಮ 11 ಕಿಲೋಬಿಟ್‌ಗೆ ಅದೇ ಹೆದ್ದಾರಿ. ಇದು ಪೈ ಜೊತೆ ಮಾತನಾಡುವುದು ಎಸ್‌ಪಿಐ (ಚಿಪ್‌ಗಳ ನಡುವಿನ ದತ್ತಾಂಶದ ದಾರಿ) ಪಿನ್‌ಗಳ ಮೂಲಕ. ಎಂಎಂಡಿವಿಎಂ ಬೋರ್ಡಿಗೆ ಬೇಕಾದದ್ದು 8 ಮತ್ತು 10ನೇ ಪಿನ್‌ಗಳ ಸೀರಿಯಲ್ ದಾರಿ, ಆದ್ದರಿಂದ ಎರಡಕ್ಕೂ ಜಗಳವಿಲ್ಲ.

ಏಳೇ ತಂತಿಗಳು. ಮಾಡ್ಯೂಲಿನ ವಿದ್ಯುತ್ ಪಿನ್ ಪೈನ 17ಕ್ಕೆ (ಇದು 3.3 ವೋಲ್ಟ್, 5 ವೋಲ್ಟ್ ಕೊಡಬೇಡಿ), ಎಸ್‌ಐ 19ಕ್ಕೆ, ಎಸ್‌ಓ 21ಕ್ಕೆ, ಎಸ್‌ಸಿಕೆ 23ಕ್ಕೆ. ಎದುರು ಸಾಲಿನಲ್ಲಿ ಗ್ರೌಂಡ್ 20ಕ್ಕೆ, ಐಎನ್‌ಟಿ 22ಕ್ಕೆ, ಸಿಎಸ್ 24ಕ್ಕೆ. ಎಲ್ಲವೂ ಅಕ್ಕಪಕ್ಕದಲ್ಲೇ ಇರುವುದು ಪುಣ್ಯ. ತಂತಿಗಳು ಗೇಣುದ್ದ ಮೀರದಿರಲಿ.

ಮೇಲ್ಭಾಗವನ್ನು ರೇಡಿಯೊ ಬೋರ್ಡ್ ಮುಚ್ಚಿರುವುದರಿಂದ ಬೆಸುಗೆ ಹಾಕಬೇಕಾದದ್ದು ಪೈನ ಅಡಿಭಾಗದಲ್ಲಿ. ನಾನು ಎಡವಿದ್ದು ಇಲ್ಲೇ. ಚಿತ್ರದಲ್ಲಿ ಕಂಡಂತೆ ಪಿನ್ ಎಣಿಸುತ್ತಾ ಹೋದೆ; ಬೋರ್ಡನ್ನು ಮಗುಚಿದರೆ ಎಡ ಬಲವಾಗುತ್ತದೆ ಎಂಬುದು ಹೊಳೆದದ್ದು ಐದನೇ ತಂತಿಯ ಹೊತ್ತಿಗೆ. ಎಲ್ಲ ಬಿಚ್ಚಿ, ಸೀಸ ಹೀರಿ ತೆಗೆದು, ಮತ್ತೆ ಆರಂಭ. ಅಡಿಭಾಗದಲ್ಲಿ ನಲವತ್ತು ಬೆಸುಗೆ ಬಿಂದುಗಳ ಪೈಕಿ ಒಂದು ಮಾತ್ರ ಚೌಕವಾಗಿದೆ, ಉಳಿದವೆಲ್ಲ ದುಂಡು. ಆ ಚೌಕವೇ 1ನೇ ಪಿನ್. ಅದರ ಮೇಲೆ ಮಾರ್ಕರ್‌ನಿಂದ ಚುಕ್ಕೆಯಿಟ್ಟು ಅಲ್ಲಿಂದ ಎಣಿಸಿ. ವಿದ್ಯುತ್ ಕೊಡುವ ಮೊದಲು 17 ಮತ್ತು 20ರ ನಡುವೆ ಶಾರ್ಟ್ ಇಲ್ಲವೆಂದು ಮಲ್ಟಿಮೀಟರ್‌ನಲ್ಲಿ ನೋಡಿ.

ಇನ್ನು ತಂತ್ರಾಂಶ. ಹಾಟ್‌ಸ್ಪಾಟ್ ನಡೆಸುವ ಪೈ-ಸ್ಟಾರ್ ತಂತ್ರಾಂಶ ಇರುವ ಮೆಮೊರಿ ಕಾರ್ಡನ್ನು ಕಂಪ್ಯೂಟರಿಗೆ ಹಾಕಿದರೆ ಬೂಟ್ ವಿಭಾಗದಲ್ಲಿ ‘ಕಾನ್ಫಿಗ್’ ಎಂಬ ಪಠ್ಯ ಕಡತ ಕಾಣುತ್ತದೆ. ಕೊನೆಗೆ ಎರಡು ಸಾಲು ಸೇರಿಸಿ: ‘dtparam=spi=on’ ಮತ್ತು ‘dtoverlay=enc28j60’. ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ, ನಡುವೆ ಜಾಗ ಬಿಡದೆ ಬರೆಯಬೇಕು. ಈ ಚಿಪ್‌ಗೆ ತನ್ನದೇ ಮ್ಯಾಕ್ ವಿಳಾಸ (ಜಾಲದಲ್ಲಿ ಉಪಕರಣದ ಗುರುತಿನ ಸಂಖ್ಯೆ) ಇಲ್ಲ. ಪ್ರತಿ ಬಾರಿ ಚಾಲೂ ಆದಾಗ ಲಿನಕ್ಸ್ ಹೊಸದೊಂದನ್ನು ಕೊಡುತ್ತದೆ, ರೌಟರ್ ಅದನ್ನು ಹೊಸ ಅತಿಥಿಯೆಂದೇ ತಿಳಿಯುತ್ತದೆ. ಹಾಗಾಗಿ ಬ್ರೌಸರಿನಲ್ಲಿ ಅಂಕಿಗಳ ವಿಳಾಸದ ಬದಲು ‘ಪೈ-ಸ್ಟಾರ್ ಡಾಟ್ ಲೋಕಲ್’ ಎಂಬ ಹೆಸರನ್ನೇ ಬಳಸಿ. ವೈಫೈ ಅಳಿಸುವುದು ಬೇಡ. ಎರಡೂ ಇದ್ದಾಗ ಸಾಮಾನ್ಯವಾಗಿ ತಂತಿಗೇ ಮೊದಲ ಮಣೆ, ವೈಫೈ ಆಪತ್ತಿಗೆ ಇರಲಿ.

ಅಗ್ಗದ ಅಡಾಪ್ಟರು ಮತ್ತು ಕೇಬಲ್ ರೇಡಿಯೊ ಗದ್ದಲ ಉಗುಳುವುದುಂಟು. ಪಕ್ಕದ ಎಚ್‌ಎಫ್ (ಕಿರುತರಂಗ) ಸೆಟ್ಟಿನಲ್ಲಿ ಹೊಸ ಗುಂಯ್‌ಗುಡುವಿಕೆ ಕೇಳಿದರೆ ಕೇಬಲ್‌ಗೆ ಎರಡೂ ತುದಿಯಲ್ಲಿ ಫೆರೈಟ್ ಕ್ಲಿಪ್ ಹಾಕಿ. ಮಲೆನಾಡಿನವರಿಗೆ ಇನ್ನೊಂದು ಮಾತು: ಸಿಡಿಲಿನ ಹೊಡೆತ ತಂತಿಯ ಮೂಲಕ ಒಳಬರಬಲ್ಲದು. ಗುಡುಗು ಶುರುವಾದಾಗ ಛಾವಣಿಯ ಆಂಟೆನಾ ಕೇಬಲ್ ಕೀಳುವ ಅಭ್ಯಾಸ ಹ್ಯಾಮ್‌ಗಳಿಗೆ ಇದ್ದೇ ಇದೆ, ಅದರ ಜೊತೆ ಲ್ಯಾನ್ ತಂತಿಯನ್ನೂ ಕೀಳಿ. 10 ಮಿಲಿವಾಟ್ ಆದರೂ ಪ್ರಸಾರ ಪ್ರಸಾರವೇ; ಪರವಾನಗಿ ಮತ್ತು ಕರೆಸಂಕೇತ ಬೇಕು, ನಮ್ಮ ದೇಶದಲ್ಲಿ ತರಂಗಾಂತರ 434ರಿಂದ 438 ಮೆಗಾಹರ್ಟ್ಸ್ ಒಳಗಿರಬೇಕು.

ಲ್ಯಾನ್ ಕಿಂಡಿಯ ದೀಪ ಮಿನುಗಿತೆ? ಸೆಟ್ಟಿನಲ್ಲಿ ಖಾಸಗಿ ಕರೆಗೆ 9990 ಹಾಕಿ. ಡಿಎಂಆರ್ ಹ್ಯಾಮ್‌ಗಳನ್ನು ಬೆಸೆಯುವ ಬ್ರ್ಯಾಂಡ್‌ಮೀಸ್ಟರ್ ಜಾಲದಲ್ಲಿ ಅದು ‘ಗಿಳಿ’ಯ, ಅಂದರೆ ಹೇಳಿದ್ದನ್ನೇ ತಿರುಗಿ ಹೇಳುವ ಸೇವೆಯ ಸಂಖ್ಯೆ. ಗುಂಡಿ ಒತ್ತಿ ಕರೆಸಂಕೇತ ಹೇಳಿ, ಒಂದರಿಂದ ಇಪ್ಪತ್ತರವರೆಗೆ ಎಣಿಸಿ ಬಿಡಿ. ಕ್ಷಣ ಕಳೆದು ಗಿಳಿ ನಿಮ್ಮ ದನಿಯಲ್ಲೇ ತಿರುಗಿ ಎಣಿಸುತ್ತದೆ. ಅದು ಹದಿಮೂರನ್ನು ನುಂಗಿದರೆ ಕೇಬಲ್ಲಿನ ತುದಿ ಸರಿಯಾಗಿ ಕೂತಿದೆಯೇ ಎಂದು ಮೊದಲು ನೋಡಿ.